ಬಾಹ್ಯಾಕಾಶದಾಗ ಊಟಕ್ಕಾಗೋವಷ್ಟು ಬೆಳ್ಯಾಕ ಕರೆಂಟ್ ಎಷ್ಟ್ ಬೇಕ್ರಿ?

ಪ್ರಶ್ನೆ (ಕೋಥ್ರೂಡ್, ಪುಣೆ): ಅಕ್ಕಾರ ನಮಸ್ಕಾರ್ರಿ, ನೀವು ತಳೇಗಾಂವ್ ಕಡೆ ಇಂಡೋರ್ ಫಾರ್ಮ್‌ನಾಗ ಲೈಟಿಂಗು ಕೂಲಿಂಗು ನೋಡ್ತೀರಂತ, ಅದಕ್ಕ ಕೇಳಾಕತ್ತೀನಿ. ನಮ್ಮ ಬಾಲ್ಕನಿ ಮುಂದ ಹೊಸ ಬಿಲ್ಡಿಂಗ್ ಎದ್ದು ಬಿಸಿಲ ಬರವಲ್ದು, ಮೆಂತ್ಯ ಕುಂಡಕ್ಕ 40 ವ್ಯಾಟ್ ಗ್ರೋ ಲೈಟ್ ಹಾಕೀನಿ, ದಿನಾ 16 ತಾಸು, ಮನ್ಯಾಗ ಬಿಲ್ ನೋಡಿ ಬೈಗುಳ. 2025ರಾಗ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಸ್ಪೇಸ್ ಸ್ಟೇಷನ್‌ನಾಗ ಹೆಸರುಕಾಳು, ಮೆಂತ್ಯ ಮೊಳಕಿ ಬರಿಸಿದ್ರಲ್ಲ, ನಮ್ಮ ಧಾರವಾಡದವರ ಪ್ರಯೋಗ ಅದು. ಹಂಗಾರ ಅಲ್ಲೇ ಪೂರಾ ಊಟಕ್ಕ ಬೆಳ್ಯಾಕ ಎಷ್ಟ್ ಕರೆಂಟ್ ಬೇಕು?

ಉತ್ತರ: ಅಣ್ಣ, ಮೊಳಕೆಗೆ ಲೈಟೇ ಬೇಡ. ಕಾಳು ತನ್ನ ಬುತ್ತಿ ತಾನೇ ಕಟ್ಕೊಂಡು ಬಂದಿರತ್ತೆ, ಒದ್ದೆ ಬಟ್ಟೇಲಿ ಕಟ್ಟಿಟ್ರೆ ಕತ್ತಲಲ್ಲೇ ಬರಲ್ವಾ. ಖರ್ಚು ಶುರುವಾಗೋದು ಆ ಬುತ್ತಿ ಮುಗಿದ್ಮೇಲೆ.

ಒಬ್ರಿಗೆ ದಿನಕ್ಕೆ 2500 ಕಿಲೋಕ್ಯಾಲೊರಿ, ಕರೆಂಟ್ ಲೆಕ್ಕದಲ್ಲಿ ಸುಮಾರು 3 ಯೂನಿಟ್, ಅಷ್ಟೇನಾ ಅನ್ಸತ್ತೆ. ಆದ್ರೆ ಗಿಡದಲ್ಲಿ ಅರ್ಧ ಬೇರು, ದಂಟು, ಹೊಟ್ಟು, ಅದಕ್ಕೆ ಗಿಡ 6 ಯೂನಿಟ್ ಕೂಡಿಡ್ಬೇಕು, ಎಲೆ ಬಿದ್ದ ಬೆಳಕಲ್ಲಿ ನೂರಕ್ಕೆ 5 ಭಾಗ ಹಿಡಿಯತ್ತೆ ಅಂತಿಟ್ಕೊಳ್ಳಿ, ಅಂದ್ರೆ 120 ಯೂನಿಟ್ ಬೆಳಕು, ಎಲ್‌ಇಡಿ ನುಂಗೋ ಕರೆಂಟಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಬೆಳಕಾಗೋದು, ಒಟ್ಟು 200 ಯೂನಿಟ್ ದಾಟತ್ತೆ. ನಮ್ಮ ಟೂ ಬಿಎಚ್‌ಕೆ ಒಂದು ತಿಂಗಳ ಬಿಲ್ಲು ಅದು, ಅಲ್ಲಿ ಒಬ್ರ ಒಂದು ದಿನದ ಊಟಕ್ಕೆ! ಸ್ಟೇಷನ್ನಲ್ಲಿರೋ ಏಳು ಜನಕ್ಕೆ ಹಾಕಿದ್ರೆ ಹಗಲೂ ರಾತ್ರಿ 58 ಕಿಲೋವ್ಯಾಟ್, ಇಡೀ ಸ್ಟೇಷನ್ನಿನ ಸೋಲಾರ್ ಕೊಡೋದೇ 84ರಿಂದ 120. ಅದಕ್ಕೇ 2015ರಲ್ಲಿ ನಾಸಾದವರು ಅಲ್ಲೇ ಬೆಳೆದು ತಿಂದಿದ್ದು ಲೆಟ್ಯೂಸ್ ಸೊಪ್ಪು, ಗೋಧಿ ಅಲ್ಲ.

ನನ್ನ ಕೇಳಿದ್ರೆ ಲೈಟಿಗಿಂತ ದೊಡ್ಡ ತಲೆನೋವು ಬಿಸಿ. ಆ 200ರಲ್ಲಿ ಊಟವಾಗೋ 3 ಬಿಟ್ರೆ ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಶಾಖ. ನಮ್ಮ ಫಾರ್ಮಲ್ಲಿ ಒಂದು ರಾತ್ರಿ ಚಿಲ್ಲರ್, ಅಂದ್ರೆ ತಣ್ಣಗೆ ಮಾಡೋ ಮಷೀನು, ಟ್ರಿಪ್ ಆಗಿ ಲೈಟ್ ಉರೀತಾನೇ ಇತ್ತು, ನಾನು ಹೋಗೋಷ್ಟರಲ್ಲಿ ಒಳಗೆ ಹಬೆ, ಸೊಪ್ಪೆಲ್ಲ ಒದ್ದೆ ಕರ್ಚೀಫಿನ ಥರ ಜೋತುಬಿದ್ದಿತ್ತು. ನಾವು ಬಾಗಿಲು ತೆಗೆದ್ವಿ. ಅಲ್ಲಿ ಬಾಗಿಲು ತೆಗೆಯೋ ಹಾಗಿಲ್ವಲ್ಲ, ಹೊರಗೆ ಗಾಳಿನೇ ಇಲ್ಲ, ಸ್ಟೇಷನ್ನಿನ ಶಾಖನ ಹೆಚ್ಚಾಗಿ ಅಮೋನಿಯ ಹರಿಯೋ ರೇಡಿಯೇಟರ್ ಹಲಗೆಗಳಿಂದಲೇ ಹೊರಗೆ ಬಿಡ್ಬೇಕು. ಒಳಗೂ ತೂಕವೇ ಇಲ್ಲದ ಕಾರಣ ಬಿಸಿಗಾಳಿ ತಾನಾಗೇ ಮೇಲೇಳಲ್ಲ, ಎಲೆ ಎಲೆಗೂ ಫ್ಯಾನ್ ಬೇಕು.

ಪ್ರಶ್ನೆ (ವಾಶಿ): ಅಕ್ಕ, ಮೇಲೆ ಬಿಸಿಲಿಗೇನು ಬರ? ಗಾಜು ಹಾಕಿದ್ರೆ ಆಗಲ್ವಾ?

ಉತ್ತರ: ಸ್ಟೇಷನ್ನು ಒಂದೂವರೆ ಗಂಟೆಗೊಂದು ಸುತ್ತು, ಸಾಮಾನ್ಯವಾಗಿ ಪ್ರತಿ ಸುತ್ತಲ್ಲೂ ಸುಮಾರು ಅರ್ಧ ಗಂಟೆ ಕತ್ತಲು. ಚಂದ್ರನ ಮೇಲೆ ಎರಡು ವಾರ ರಾತ್ರಿ, 2019ರಲ್ಲಿ ಚೀನಾದ ಚಾಂಗ್'ಇ-4 ನೌಕೆಯಲ್ಲಿ ಹತ್ತಿ ಬೀಜ ಮೊಳೆತು ಆ ಚಳಿಗೇ ಸತ್ತೋಯ್ತು. ಮಂಗಳದಲ್ಲಿ ಬಿಸಿಲೇ ನಮ್ಮ ಅರ್ಧಕ್ಕಿಂತ ಕಮ್ಮಿ, ಜೊತೆಗೆ ಧೂಳಿನ ಬಿರುಗಾಳಿ.

ಕೋಥ್ರೂಡ್ ಅಣ್ಣ, ನಿಮ್ಮ ಲೈಟು ತಿಂಗಳಿಗೆ 19 ಯೂನಿಟ್ ಅಷ್ಟೇ, ಬಿಲ್ ಏರಿದ್ದಕ್ಕೆ ಪಾಪ ಮೆಂತ್ಯನ ಬೈಬೇಡಿ, ಗೀಸರ್ ನೋಡಿ.

ಕೋಥ್ರೂಡ್: ಗೀಸರ್ ಅಂದ್ರ ನಮ್ಮ ಮಗರೀ ಅಕ್ಕಾರ 😄