ಚಿಕ್ಕಮ್ಮ, ಆ ಇನ್ಸುಲಿನ್ ಹಾಕಿಕೊಳ್ಳಬೇಡಿ

ಚಿಕ್ಕಮ್ಮ, ನಮ್ಮ ಮನೆಯವರ ಗ್ರೂಪ್‌ನಲ್ಲಿ ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಮೆಡಿಕಲ್ ಅಂಗಡಿ ಮುಚ್ಚಿ ಮನೆಗೆ ಬರೋಷ್ಟರಲ್ಲಿ ಒಂಬತ್ತೂವರೆ ಆಯ್ತು. ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಫ್ರೀಜರ್‌ನಲ್ಲಿಟ್ಟ ಆ ಹೊಸ ಬಾಟಲಿ ಮುಟ್ಟಬೇಡಿ. ಹಾಗಂತ ಡೋಸ್ ತಪ್ಪಿಸಲೂಬೇಡಿ. ಹಳೇ ಬಾಟಲಿ ತೆಗೆದು ಎರಡು ವಾರ ಆಯ್ತು, ಇನ್ನೂ ಸ್ವಲ್ಪ ಇದೆ ಅಂದಿರಲ್ಲ, ಇವತ್ತು ರಾತ್ರಿ ಅದನ್ನೇ ಹಾಕಿಕೊಳ್ಳಿ. ಹೊಸದು ಬೆಳಿಗ್ಗೆ ನಾನೇ ತರುತ್ತೇನೆ.

ನೀವು ಹೇಳಿದ್ದು ಇಷ್ಟು ಅಲ್ವಾ? 20 ಪರ್ಸೆಂಟ್ ಕಡಿಮೆ ಅಂತ ಪೇಟೆಯ ಒಂದು ಮೆಡಿಕಲ್‌ಗೆ ಹೋದಿರಿ. ಹುಡುಗ ಇನ್ಸುಲಿನ್ ಅನ್ನು ಬರೀ ಪೇಪರ್ ಕವರಿಗೆ ಹಾಕಿ ಕೊಟ್ಟ. ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟಿ ಡಿಕ್ಕಿಯಲ್ಲಿಟ್ಟುಕೊಂಡು ವಿದ್ಯಾನಗರಕ್ಕೆ ಬಂದಿರಿ. ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಹೆದರಿ ಐಸ್ ಟ್ರೇ ಪಕ್ಕ ಇಟ್ಟಿರಿ. ನಿಮ್ಮ ತಪ್ಪಲ್ಲ ಇದು. ಹೇಗೆ ಇಡಬೇಕು ಅಂತ ಕೊಡುವಾಗಲೇ ಹೇಳಬೇಕಿತ್ತು. ಅರ್ಧ ಗಂಟೆ ಬೆಚ್ಚಗಾಗಿದ್ದಕ್ಕೆ ಇನ್ಸುಲಿನ್ ಪೂರ್ತಿ ಕೆಡುವುದಿಲ್ಲ. ಕೆಡಿಸಿದ್ದು ಫ್ರೀಜರ್. ಒಮ್ಮೆ ಹೆಪ್ಪುಗಟ್ಟಿದರೆ ಮುಗೀತು, ಕರಗಿದ ಮೇಲೆ ನೋಡೋಕೆ ಚೆನ್ನಾಗಿದ್ದರೂ ಬಳಸುವ ಹಾಗಿಲ್ಲ. ಅದನ್ನೇ ಹಾಕಿಕೊಂಡರೆ ಶುಗರ್ ಏರುತ್ತಲೇ ಇರುತ್ತದೆ, ಡೋಸ್ ಸಾಲುತ್ತಿಲ್ಲ ಅಂತ ನೀವು ಅಂದುಕೊಳ್ಳುತ್ತೀರಿ.

ತೆಗೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಅಂದರೆ ಫ್ರಿಜ್‌ನ ನಡುವಿನ ತಟ್ಟೆಯಲ್ಲಿ. ಬಾಗಿಲಲ್ಲಿ ಬೇಡ, ತೆಗೆದು ಹಾಕುವಾಗ ಅಲ್ಲಿ ತಂಪು ನಿಲ್ಲುವುದಿಲ್ಲ. ಚುಚ್ಚಲು ಶುರು ಮಾಡಿದ್ದನ್ನು ಹೊರಗೇ ನೆರಳಲ್ಲಿಟ್ಟರೂ ಸಾಮಾನ್ಯವಾಗಿ ನಾಲ್ಕು ವಾರ ಬರುತ್ತದೆ. ಆದರೆ ನಮ್ಮ ದಾವಣಗೆರೆ ಏಪ್ರಿಲ್‌ನಲ್ಲಿ ಮನೆಯೊಳಗೂ ಕಾದಿರುತ್ತದೆ, ಅದಕ್ಕೇ ಅದನ್ನೂ ಫ್ರಿಜ್‌ನಲ್ಲೇ ಇಡಿ. ಕರೆಂಟ್ ಹೋಗಿ ತುಂಬಾ ಹೊತ್ತು ಬರದಿದ್ದರೆ ಮಣ್ಣಿನ ಮಡಕೆ ಒಳ್ಳೇದು. ಹೊರಮೈ ಒದ್ದೆ ಇರಲಿ, ಬಾಟಲಿಗೆ ನೀರು ತಾಗದಿರಲಿ.

ನಮ್ಮ ಅಂಗಡಿ ಫ್ರಿಜ್ ಒಳಗೆ ಥರ್ಮಾಮೀಟರ್ ಇದೆ. ಬೆಳಿಗ್ಗೆ, ಸಂಜೆ ಎಷ್ಟಿದೆ ಅಂತ ಬರೆದಿಡುತ್ತೇನೆ. ನೀವು ಎಲ್ಲೇ ಇನ್ಸುಲಿನ್ ತಗೊಂಡರೂ ಫ್ರಿಜ್ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ನೀರಿನ ಬಾಟಲಿ, ಟಿಫಿನ್ ಡಬ್ಬಿ ಅದರೊಳಗೇ ಇದ್ದರೆ ಇನ್ನೊಂದು ಅಂಗಡಿ ನೋಡಿಕೊಳ್ಳಿ.

ದೊಡ್ಡಪ್ಪ, ನೀವು ಬರೆದಿದ್ದಕ್ಕೂ ಹೇಳುತ್ತೇನೆ. ಗಂಟಲು ನೋವಿನ ಗುಳಿಗೆಗೂ ಡಾಕ್ಟರ್ ಚೀಟಿ ಕೇಳಿ ಸುಮ್ನೆ ಸತಾಯಿಸಿದರು ಅಂದಿರಿ. ನೀವು ಕೇಳಿದ್ದು ಸೆಫಿಕ್ಸಿಮ್. ಅದು ಎಚ್1 ಪಟ್ಟಿಯಲ್ಲಿರುವ, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಆಂಟಿಬಯಾಟಿಕ್. 2014ರ ಮಾರ್ಚ್‌ನಿಂದ ಅಂಥದ್ದು ಕೊಟ್ಟರೆ ಡಾಕ್ಟರ್ ಯಾರು, ರೋಗಿ ಯಾರು, ಯಾವ ಔಷಧಿ, ಎಷ್ಟು ಅಂತ ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಚೀಟಿ ಕೇಳಿದವನು ತನ್ನ ಕೆಲಸ ನೆಟ್ಟಗೆ ಮಾಡಿದ್ದಾನೆ. ಎಷ್ಟೋ ಗಂಟಲು ನೋವು ವೈರಸ್‌ನಿಂದ ಬರುತ್ತದೆ, ಅದಕ್ಕೆ ಈ ಗುಳಿಗೆ ಏನೂ ಮಾಡುವುದಿಲ್ಲ. ಬೇಡದಿದ್ದಾಗಲೂ ನುಂಗಿ ನುಂಗಿ, ನಾಳೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದಿದ್ದರೆ ಏನು ಮಾಡೋಣ ದೊಡ್ಡಪ್ಪ?

ಇನ್ನೊಂದು ಹೇಳಲೇಬೇಕು, ಇವತ್ತಿಗೂ ನೆನೆದರೆ ಎದೆ ಝಲ್ ಅನ್ನುತ್ತದೆ. ಆಗ ನಾನು ಇನ್ನೊಂದು ಅಂಗಡಿಯಲ್ಲಿದ್ದೆ. ಆನಗೋಡು ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಚೀಟಿಯಲ್ಲಿ 'ಮೆಟ್' ಅನ್ನೋದು ಬಿಟ್ಟರೆ ಉಳಿದದ್ದು ಬರೀ ಗೀಚು. ಸಂಜೆ ಹೊತ್ತು, ಕೌಂಟರ್ ತುಂಬಾ ಜನ. ಹುಡುಗ ರ‍್ಯಾಕಿನಿಂದ ತೆಗೆದುಕೊಟ್ಟ, ನಾನು ಕವರಿಗೆ ಹಾಕಿ ಕೊಟ್ಟುಬಿಟ್ಟೆ. ಅಜ್ಜಿ ಮೆಟ್ಟಿಲು ಇಳಿಯುತ್ತಿದ್ದರು. ಏನೋ ಅನುಮಾನ ಬಂದು ಕೂಗಿ ಕರೆದೆ. "ಅಜ್ಜಿ, ಯಾವುದಕ್ಕೆ ಈ ಗುಳಿಗೆ?" "ಸಕ್ಕರೆ ಕಾಯಿಲೆಗೆ ಕಣವ್ವ" ಅಂದರು. ಬೇಕಿದ್ದದ್ದು ಮೆಟ್‌ಫಾರ್ಮಿನ್. ಅವರ ಕೈಯಲ್ಲಿದ್ದದ್ದು ಮೆಟ್ರೊನಿಡಜೋಲ್, ಅದು ಇನ್ಫೆಕ್ಷನ್‌ಗೆ ಕೊಡುವುದು. ರ‍್ಯಾಕಿನಲ್ಲಿ ಎರಡೂ ಅಕ್ಕಪಕ್ಕ ಇದ್ದವು. ಅವತ್ತು ರಾತ್ರಿಯೇ ಬೇರೆ ಬೇರೆ ಸಾಲಿಗೆ ಎತ್ತಿಟ್ಟೆ. ಆಮೇಲಿಂದ ಯಾರೇ ಬರಲಿ, ಯಾವುದಕ್ಕೆ ಅಂತ ಕೇಳದೆ ಕೊಡುವುದಿಲ್ಲ. ನಾವು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಶೀಟಿನಿಂದ ಐದಾರು ಗುಳಿಗೆ ಕತ್ತರಿಸಿ ತಗೊಳ್ಳುವಾಗಲೂ ನೋಡಿ. ಎಕ್ಸ್‌ಪೈರಿ ಡೇಟ್ ಒಂದೇ ಕಡೆ ಇದ್ದರೆ ನಿಮ್ಮ ತುಂಡಿನಲ್ಲಿ ಅದು ಬರದೇ ಇರಬಹುದು. ಆಗ ಪೂರ್ತಿ ಶೀಟ್ ತೋರಿಸಿಕೊಂಡು, ಬಿಲ್ಲಿನಲ್ಲಿ ಬ್ಯಾಚ್ ನಂಬರ್, ಡೇಟ್ ಇದೆಯಾ ನೋಡಿಕೊಳ್ಳಿ.

ಚಿಕ್ಕಮ್ಮ, ಬೆಳಿಗ್ಗೆ ಎಂಟಕ್ಕೆ ಥರ್ಮಾಕೋಲ್ ಡಬ್ಬಿ ಹಿಡಿದುಕೊಂಡು ಬರುತ್ತೇನೆ. ಆ ಬಾಟಲಿ, ಬಿಲ್ ಎರಡೂ ಎಸೆಯದೆ ಇಟ್ಟಿರಿ. ಮಲಗುವ ಮುಂಚೆ ಒಮ್ಮೆ ಶುಗರ್ ಚೆಕ್ ಮಾಡಿ ಎಷ್ಟಿದೆ ಅಂತ ಇಲ್ಲೇ ಹಾಕಿ, ನಾನು ಎದ್ದಿರುತ್ತೇನೆ.