ಉ: ಪ್ರದರ್ಶನದ ಬೋರ್ಡಿಗೆ ಪದ ಬೇಕು: ಖನಿಜವೋ ಅದಿರೋ?

ಗ್ರಹಗಳ ಪ್ರದರ್ಶನದ ಬೋರ್ಡಿನಲ್ಲಿ ‘ಖನಿಜ’ ಬರೆಯಬೇಕೋ ‘ಅದಿರು’ ಬರೆಯಬೇಕೋ ಅಂತ ಗೋವಾದ ವಾಸ್ಕೋದ ಮೇಡಂ ಕೇಳಿದ್ದಾರೆ, ಬೋರ್ಡು ನಾಳೆಯೇ ಪ್ರಿಂಟಿಗೆ ಹೋಗಬೇಕು ಅಂತಲೂ ಬರೆದಿದ್ದಾರೆ. ಹಾಗಾಗಿ ಉತ್ತರ ಮೊದಲು: ‘ಗ್ರಹಗಳ ವಾಯುಮಂಡಲ ಮತ್ತು ಖನಿಜಗಳು’ ಅಂತ ಹಾಕಿ. ‘ಅದಿರು’ ಬೇಡ.

‘ಖನಿಜ ಸಂಸ್ಕೃತದ್ದು, ಅದಿರು ಅಚ್ಚಗನ್ನಡ, ಅದನ್ನೇ ಬರೆಯಿರಿ’ ಎಂದು ಇದೇ ಪ್ರಶ್ನೆಗೆ ಮೇಲೆ ಉತ್ತರಿಸಿದ ಒಬ್ಬರು ತೀರ್ಪು ಕೊಟ್ಟಿದ್ದಾರೆ. ಒಪ್ಪಲಾಗದು. ಖನಿಜ ಅಂದರೆ ಕಲ್ಲು, ಮಣ್ಣಿನಲ್ಲಿ ತಾನಾಗಿ ಉಂಟಾದ ವಸ್ತು, ಯಾರು ಅಗೆಯಲಿ ಬಿಡಲಿ. ಅದಿರು ಅಂದರೆ ಲೋಹಕ್ಕಾಗಿ ಅಗೆಯುವ ಕಲ್ಲು, ಮಣ್ಣು. ಅಗೆದರೆ ಗಿಟ್ಟಬೇಕು, ಇಲ್ಲದಿದ್ದರೆ ಅದು ಅದಿರಲ್ಲ. ಗೋವಾದಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕಬ್ಬಿಣದ ಅಂಶ ಕಡಿಮೆ ಅಂತ ಗಣಿಯವರು ಪಕ್ಕಕ್ಕೆ ಸುರಿದ ಮಣ್ಣು ಬಿಚೋಲಿ ಕಡೆ ಗುಡ್ಡ ಗುಡ್ಡವಾಗಿ ಬಿದ್ದಿತ್ತು. ಎಲ್ಲರ ಬಾಯಲ್ಲೂ ಅದು ಡಂಪ್. 2000ದ ನಂತರ ಚೀನಾದಿಂದ ಬೇಡಿಕೆ ಏರಿತು, ರೇಟು ಬಂತು. ಆಗ ಅದೇ ಮಣ್ಣನ್ನು ಟಿಪ್ಪರಿಗೆ ತುಂಬಿ, ಮಾಂಡವಿ ನದಿಯಲ್ಲಿ ಬಾರ್ಜ್ (ಸರಕು ದೋಣಿ) ಮೇಲೆ ಸಾಗಿಸಿದರು. ಒಳಗಿದ್ದ ಹೆಮಟೈಟ್ (ಕಬ್ಬಿಣದ ಆಕ್ಸೈಡ್) ಮೊದಲೂ ಖನಿಜವೇ, ಆಮೇಲೂ ಖನಿಜವೇ. ಮಣ್ಣು ಅದಿರಾಗಿದ್ದು ಮಾತ್ರ ರೇಟು ಬಂದ ಮೇಲೆ.

ಮಂಗಳನಲ್ಲೂ ಹೆಮಟೈಟ್ ಇದೆ. 2004ರಲ್ಲಿ ನಾಸಾದ ಓಡಾಡುವ ಯಂತ್ರ ಆಪರ್ಚುನಿಟಿ ರೋವರ್ ಇಳಿದ ಜಾಗದಲ್ಲಿ ಅದರ ಪುಟ್ಟ ಪುಟ್ಟ ಗುಂಡುಗಳು ಚೆಲ್ಲಿದ್ದವು. ಅದನ್ನು ಅದಿರು ಅನ್ನಲು ಅಲ್ಲಿ ಕುಲುಮೆ ಹೂಡಿದವರು ಯಾರು? ಅಚ್ಚಗನ್ನಡದ ಆಸೆ ಇದ್ದರೆ ಮಂಗಳನ ಧೂಳಿಗೆ ‘ಕಾವಿ ಕೆಂಪು’ ಅನ್ನಿ. ಎರಡರ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ. ಗೋವಾದ ಹಳೆಯ ದೇವಸ್ಥಾನಗಳಲ್ಲಿ ಕಾವಿ ಚಿತ್ರ ನೋಡಿದ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ವಾಯುಮಂಡಲಕ್ಕೆ ‘ವಾತಾವರಣ’ ಅಂದರೂ ತಪ್ಪಲ್ಲ. ಆದರೆ ಮನೆಯ ವಾತಾವರಣ, ಚುನಾವಣೆ ವಾತಾವರಣ ಅಂತ ಸವೆಸಿಬಿಟ್ಟಿದ್ದೇವೆ. ‘ಶುಕ್ರನ ಗಾಳಿ’ಯಂತೂ ಬೇಡವೇ ಬೇಡ. ಬೀಸುವುದೂ ಗಾಳಿ, ಉಸಿರಾಡುವುದೂ ಗಾಳಿ, ಸೋಕುವ ಪೀಡೆಗೂ ಗಾಳಿ ಅಂತಾರೆ. ಶುಕ್ರನ ನೆಲದ ಮೇಲೆ ವಾಯುಮಂಡಲದ ಒತ್ತಡ ನಮ್ಮದರ ಸುಮಾರು 90 ಪಟ್ಟು. ಮಂಗಳನಲ್ಲಿ ನಮ್ಮ ನೂರರಲ್ಲಿ ಒಂದು ಪಾಲೂ ಇಲ್ಲ. ಎರಡರಲ್ಲೂ ಶೇ 95ರ ಆಸುಪಾಸು ಇಂಗಾಲದ ಡೈಆಕ್ಸೈಡೇ. ಬುಧನಿಗೆ ಮಾತ್ರ ಬರೀ ‘ವಾಯುಮಂಡಲ’ ಅಂತ ಬರೆಯಬೇಡಿ. ಅಲ್ಲಿ ಸೋಡಿಯಂ, ಆಮ್ಲಜನಕದ ಪರಮಾಣುಗಳು ಒಂದಕ್ಕೊಂದು ತಾಗುವುದೇ ಅಪರೂಪ, ಅಷ್ಟು ವಿರಳ. ‘ಇಲ್ಲವೆನ್ನುವಷ್ಟು ತೆಳು’ ಅಂತ ಸೇರಿಸಿ.

‘ಇಂಗಾಲ ನಮ್ಮದು, ಡೈಆಕ್ಸೈಡ್ ಹೊರಗಿನದು’ ಎಂಬ ತಕರಾರಿಗೂ ಒಂದು ಮಾತು. ಇಂಗಾಲವೂ ಹೊರಗಿನಿಂದ ಬಂದದ್ದೇ. ಸಂಸ್ಕೃತದ ಅಂಗಾರ (ಕೆಂಡ) ಪ್ರಾಕೃತದಲ್ಲಿ ಇಂಗಾಲವಾಗಿ ನಮ್ಮಲ್ಲಿಗೆ ಬಂತು. ಕೆಂಡದಂತೆ ಕಾಣುವ ಮಂಗಳನಿಗೆ ಅಂಗಾರಕ ಎಂಬ ಹೆಸರು, ಗೋವಾದಲ್ಲೂ ಹಲವರು ಮಾಡುವ, ಮಂಗಳವಾರ ಬೀಳುವ ಅಂಗಾರಕಿ ಚತುರ್ಥಿ, ಎಲ್ಲಾ ಅದೇ ಬೇರಿನವು. ಹೊರಗಿನದನ್ನೆಲ್ಲ ತೆಗೆಯಲು ಹೊರಟರೆ ಇಂಗಾಲವನ್ನೂ ಬಿಡಬೇಕಾಗುತ್ತದೆ, ಅಲ್ವಾ?

ಮೇಡಂ, ನಿಮ್ಮ ಕರಡಿನಲ್ಲಿ ಒಂದು ಕಡೆ ‘ಇಂಗಾಲದ ಡೈಆಕ್ಸೈಡ್’, ಇನ್ನೊಂದು ಕಡೆ ‘ಕಾರ್ಬನ್ ಡೈಆಕ್ಸೈಡ್’ ಇದೆ. ಮಕ್ಕಳ ಪಠ್ಯಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ಎಲ್ಲಾ ಬೋರ್ಡಿಗೂ ಹಾಕಿ, ಪ್ರಿಂಟಿಗೆ ಕೊಡಿ.