ಪದಚರ್ಚೆ: ‘ಚೆಕ್’ ಒಂದು ಪದವೋ, ನಾಲ್ಕೋ?

ಬ್ಯಾಂಕಿನ ಚೆಕ್ಕು, ಚೆಕ್ಸ್ ಅಂಗಿ, ‘ಒಂದ್ಸಲ ಚೆಕ್ ಮಾಡಿ’, ಚದುರಂಗದ ಚೆಕ್. ಇವೆಲ್ಲ ಬೇರೆ ಬೇರೆ ಪದಗಳು, ಉಚ್ಚಾರ ಸುಮ್ನೆ ಒಂದೇ ಆಗಿಬಿಟ್ಟಿದೆ ಎಂದು ಬಹಳ ಕಾಲ ನಂಬಿದ್ದೆ. ಬ್ರಿಟಿಷರು ಬ್ಯಾಂಕಿನ ಚೆಕ್ಕಿಗೆ ಬೇರೆ ಕಾಗುಣಿತ ಇಟ್ಟುಕೊಂಡಿರುವುದು ನನ್ನ ನಂಬಿಕೆಗೆ ಇನ್ನಷ್ಟು ಇಂಬು ಕೊಟ್ಟಿತ್ತು. ಬೇರು ಹುಡುಕಿದರೆ ನಾಲ್ಕಕ್ಕೂ ಒಂದೇ: ಪರ್ಷಿಯನ್ನಿನ ‘ಶಾಹ್’, ಅಂದರೆ ರಾಜ. (ಚೆಕ್ ಗಣರಾಜ್ಯ ಮಾತ್ರ ಈ ಮನೆಯದಲ್ಲ. ಅದು ಸ್ಲಾವಿಕ್ ಜನರ ಹೆಸರು.)

ಚದುರಂಗ ಭಾರತದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ಮೂಲಕ ಯುರೋಪಿಗೆ ಹೋಯಿತು. ಎದುರಾಳಿಯ ರಾಜನಿಗೆ ಅಪಾಯ ಬಂದಾಗ ‘ಶಾಹ್’ ಎಂದು ಕೂಗಿ ಎಚ್ಚರಿಸುತ್ತಿದ್ದರು. ಆ ಕೂಗು ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕ್’ ಆಯಿತು, ಇಂಗ್ಲಿಷಿಗೆ ಬರುವಾಗ ತಲೆ ಕಳಚಿಕೊಂಡು ‘ಚೆಕ್’ ಆಯಿತು. ಆ ಫ್ರೆಂಚ್ ಪದದ ಬಹುವಚನವೇ ‘ಚೆಸ್’! ಶಾಹ್ ಕೂಡ ನಮಗೆ ಪೂರ್ತಿ ಹೊರಗಿನವನಲ್ಲ, ಸಂಸ್ಕೃತದ ‘ಕ್ಷತ್ರ’ದ ದಾಯಾದಿ.

ಚೆಕ್ ಬಿದ್ದ ಮೇಲೆ ರಾಜನನ್ನು ಕಾಯದೆ ಬೇರೆ ನಡೆ ಇಲ್ಲ, ಅಲ್ವಾ? ಹಾಗಾಗಿ ಪದಕ್ಕೆ ‘ತಡೆ’ ಎಂಬ ಅರ್ಥ ಬಂತು. ತಡೆದು ನೋಡುವುದರಿಂದ ‘ಸರಿಯಿದೆಯೇ ಎಂದು ನೋಡು’ ಎಂಬುದು ಹುಟ್ಟಿತು. ನಾವು ದಿನಾ ಬಳಸುವ ಈ ಅರ್ಥವೇ ಎಲ್ಲಕ್ಕಿಂತ ತಡವಾಗಿ ಬಂದವುಗಳಲ್ಲಿ ಒಂದು.

ನನಗೆ ಜಾಸ್ತಿ ಇಷ್ಟವಾದದ್ದು ದುಡ್ಡಿನ ಕವಲು. 12ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಕಂದಾಯದ ಲೆಕ್ಕ ನಡೆಯುತ್ತಿದ್ದದ್ದು ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜಿನ ಮೇಲೆ. ಅದಕ್ಕೆ ಗೆರೆ ಎಳೆದ ಬಟ್ಟೆ ಹಾಸಿ, ಪೌಂಡು, ಷಿಲಿಂಗು, ಪೆನ್ನಿಗಳ ಸಾಲುಗಳಲ್ಲಿ ಬಿಲ್ಲೆ ಸರಿಸುತ್ತಿದ್ದರು. ರೋಮನ್ ಅಂಕಿಗಳಲ್ಲಿ ಕೂಡಿ ಕಳೆಯುವುದಕ್ಕಿಂತ ಅದೇ ಸಲೀಸು. ನೋಡಲು ಚದುರಂಗದ ಹಾಸಿನಂತಿದ್ದುದರಿಂದ ಖಜಾನೆಗೇ ‘ಎಕ್ಸ್‌ಚೆಕರ್’ ಎಂಬ ಹೆಸರು ನಿಂತಿತು. ಬ್ರಿಟನ್ನಿನ ಹಣಕಾಸು ಮಂತ್ರಿ ಇವತ್ತಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’. ಅಂಗಿಯ ಚೌಕಳಿಯೂ ಅದೇ ಹಾಸಿನ ಮನೆಗಳಿಂದ ಬಂದದ್ದು.

ಬ್ಯಾಂಕಿನ ಚೆಕ್ಕು ಮೊದಲು ಹಣದ ಚೀಟಿಯೇ ಅಲ್ಲ. 18ನೇ ಶತಮಾನದ ಆರಂಭದಲ್ಲಿ ಆ ಹೆಸರು ಇದ್ದದ್ದು ಮೋಸ ತಡೆಯಲು ಉಳಿಸಿಕೊಳ್ಳುತ್ತಿದ್ದ ಪಡಿತುಂಡಿಗೆ (ಕೌಂಟರ್‌ಫಾಯಿಲ್). ಆಮೇಲೆ ಹೆಸರು ಚೀಟಿಗೇ ಅಂಟಿತು. ‘ಎಕ್ಸ್‌ಚೆಕರ್’ (exchequer) ನೋಡಿ ಬ್ರಿಟಿಷರು ಅದರ ಕಾಗುಣಿತವನ್ನು ‘cheque’ ಎಂದು ಬದಲಿಸಿದರು, ಅಮೆರಿಕದವರು ಹಳೆಯ ‘check’ ಅನ್ನೇ ಉಳಿಸಿಕೊಂಡರು.

ಈಗ ನನ್ನ ಪ್ರಶ್ನೆ. ನೋಡುವ ‘ಚೆಕ್’ಗೆ ನಮ್ಮಲ್ಲಿ ‘ತಾಳೆ ನೋಡು’, ‘ಪರೀಕ್ಷಿಸು’ ಇವೆ. ತಡೆಯುವ ‘ಚೆಕ್’ಗೆ ಕಡಿವಾಣ, ಮೂಗುದಾರ, ಅಂಕುಶ ಇವೆ. ಕುದುರೆ, ಎತ್ತು, ಆನೆ ಎಲ್ಲ ಬಂದವು, ಚದುರಂಗ ಮಾತ್ರ ಬರಲಿಲ್ಲ! ಆದರೆ ಇವೆಲ್ಲ ಮೇಲಿನವನು ಕೆಳಗಿನದಕ್ಕೆ ಹಾಕುವಂಥವು. ಸರಿಸಮಾನರಾದ ಇಬ್ಬರು ಒಬ್ಬರನ್ನೊಬ್ಬರು ಅಂಕೆಯಲ್ಲಿ ಇಡುವುದಕ್ಕೆ, ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಎನ್ನುವಾಗಿನ ಆ ‘ಚೆಕ್’ಗೆ, ನೀವು ಯಾವ ಪದ ಬಳಸುತ್ತೀರಿ? ‘ಪಡಿತಡೆ’ ಎಂದು ಬರೆದು ನೋಡಿದೆ. ಕಿವಿಗೆ ಇನ್ನೂ ಹಿಡಿಸಿಲ್ಲ.